ಎಡದ ಬೀದಿ ಬಲಕ್ಕೆ

ಮಸಿ ಒರೆಸುವುದು ನನ್ನ ಕೆಲಸ. ಬರೆದದ್ದು ನಾನಲ್ಲ.
ಬರೆದಾತ ಅಲ್ಸೀದ್ ಮೊರ್ವಿಲೆ, ಸತ್ತು ಹನ್ನೊಂದು ವರ್ಷ.
ಬಿಟ್ಟುಹೋದದ್ದು ದೊಡ್ಡ ಗಾಲಿಯ ಅಚ್ಚಿನ ಯಂತ್ರ,
ತೀರದ ಬಾಡಿಗೆ,
ಮೊಣಕೈಯುದ್ದದ ಈ ತಾಮ್ರದ ತಗಡು.

ತಗಡಿಗೆ ಮೇಣ ಬಳಿದು, ಹೊಗೆ ಹಿಡಿಸಿ,
ಚೌಕದಲ್ಲಿ ಮಡಚುಕುರ್ಚಿ ಹಾಕಿ ಕೂತು
ಕಂಡದ್ದನ್ನು ಕಂಡ ಹಾಗೆ ಸೂಜಿಯಲ್ಲಿ ಗೀರಿದನಂತೆ
ಬೊವೆ ಊರಿನ ಕೆಥೆಡ್ರಲ್ಲನ್ನು.
ಆಮೇಲೆ ಆಸಿಡ್ಡಿನ ತೊಟ್ಟಿ.
ಗೀರಿದಲ್ಲೆಲ್ಲ ಕಚ್ಚಿತು ಅದು,
ಆಡಿಬಿಟ್ಟ ಮಾತಿನಂತೆ, ತಡವಾಗಿ, ಆಳವಾಗಿ.
ಗುಲಾಬಿ ಕಿಟಕಿಯಲ್ಲಿ ಬೆಳಕು ಬೇಕಿತ್ತು;
ಅಲ್ಲಿ ಅವನು ಏನೂ ಮಾಡಲಿಲ್ಲ.
ಬೆಳಕೆಂದರೆ ಇಷ್ಟೇ ಇರಬೇಕು: ಕೈ ತಡೆದ ಜಾಗ.

ಅದರ ಕತೆ ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಬಾಯಿಪಾಠ.
ಎಲ್ಲರಿಗಿಂತ ಎತ್ತರ ಎಂದು ಹೊರಟರು, ಕಮಾನು ಕುಸಿಯಿತು.
ಮತ್ತೆ ಎತ್ತಿದರು. ಮೇಲೊಂದು ಗೋಪುರ ಇಟ್ಟರು,
ನಾಲ್ಕು ವರ್ಷ ನಿಂತು ಅದೂ ಬಿತ್ತು.
ದುಡ್ಡು ಮುಗಿಯಿತು. ಅಲ್ಲಿಗೇ ಒಂದು ಗೋಡೆ ಎಬ್ಬಿಸಿ
ಕೈ ತೊಳೆದುಕೊಂಡರು.
ತಲೆಯುಂಟು, ತೋಳುಂಟು, ಒಡಲಿಲ್ಲ.
'ಅಷ್ಟು ಮೇಲಿದ್ದಿದ್ದರೆ ಅವನು
ದನದ ಕೊಟ್ಟಿಗೆಯಲ್ಲಿ ಯಾಕೆ ಹುಟ್ಟುತ್ತಿದ್ದ?'
ಎನ್ನುತ್ತಿದ್ದಳು ನಮ್ಮಜ್ಜಿ.
ಅಂದವಳೇ ಒಳಗೆ ಹೋಗಿ ಮೇಣದಬತ್ತಿ ಹಚ್ಚುತ್ತಿದ್ದಳು.

ನಲವತ್ತರ ಜೂನಿನಲ್ಲಿ ವಿಮಾನ ಬಂದವು.
ಬೀಳುವುದೇ ರೂಢಿಯಾಗಿದ್ದ ಅದು
ಆವತ್ತು ನಿಂತುಬಿಟ್ಟಿತು.
ಕಾಲಬುಡದ ಊರು ಹೋಯಿತು,
ಮರದ ಚೌಕಟ್ಟಿನ ಮನೆಗಳೆಲ್ಲ ಬೂದಿ.

ಈಗ ಅಂಗಡಿಗೆ ಬರುವವರು ಶಿಖರ ನೋಡುವುದಿಲ್ಲ.
ಕೆಳಗಿನ ಮೂಲೆಗೆ ಬಗ್ಗುತ್ತಾರೆ, ಭೂತಗನ್ನಡಿ ಕೇಳುತ್ತಾರೆ.
ಉಗುರಗಲದಲ್ಲಿ ಅಲ್ಲೊಂದು ಬೀದಿ:
ರೊಟ್ಟಿಯಂಗಡಿಯ ಬಾಗಿಲು, ಒರಗಿಸಿದ ಸೈಕಲ್ಲು,
ಒಣಹಾಕಿದ ಎರಡು ಅಂಗಿ.
'ಇದು ನಮ್ಮನೆ.' 'ಅಲ್ಲ, ಅದು ಬೊಕೇರರದ್ದು.'
ನ್ಯಾಯ ಹೇಳಲು ಒಂದು ಇಟ್ಟಿಗೆಯೂ ಉಳಿದಿಲ್ಲ.

ಕಳೆದ ಮಂಗಳವಾರ ಮದಾಂ ದೆಲಾರ್ಶ್ ಬಂದಳು,
ನಲವತ್ತು ವರ್ಷ ಚಿತ್ರಗಂಬಳಿಯ ಬೆನ್ನಿಗೆ ಕೂತು
ಮುಖವನ್ನು ಕನ್ನಡಿಯಲ್ಲೇ ನೋಡಿಕೊಂಡು ನೇಯ್ದವಳು.
ಒಂದೇ ನೋಟ. 'ತಿರುವುಮುರುವು,' ಅಂದಳು.
'ಅಮ್ಮನ ಗುಂಡಿಯಂಗಡಿ ಎಡಕ್ಕಿತ್ತು.'

ಇಪ್ಪತ್ತೈದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ,
ಪಾದ್ರಿಗಳೂ. ತಗಡಿನಲ್ಲಿ ನೇರ ಇದ್ದದ್ದು
ಕಾಗದಕ್ಕೆ ಬರುವಾಗ ಮಗ್ಗುಲು ಬದಲಿಸುತ್ತದೆ;
ಅಲ್ಸೀದ್ ಗೊತ್ತಿದ್ದೂ ಸುಮ್ಮನಿದ್ದ,
ಸೋಮಾರಿತನಕ್ಕೋ, ಸೊಕ್ಕಿಗೋ.

ತಗಡನ್ನೇ ತರಹೇಳಿದಳು.
ಒರೆಸಿ ತಂದು ತೊಡೆಯ ಮೇಲಿಟ್ಟೆ.
ಕಣ್ಣು ಮುಚ್ಚಿದಳು. ಗಂಟುಕಟ್ಟಿದ ಬೆರಳು
ಚೂಪು ತುದಿಗಳನ್ನು ದಾಟಿ,
ಗೋಡೆಗೆ ಹೆಗಲು ಕೊಟ್ಟ ಕಲ್ಲುಕಮಾನುಗಳನ್ನು ದಾಟಿ,
ಎಲ್ಲೂ ನಿಲ್ಲದೆ ಇಳಿಯಿತು.
ಬೀದಿಗೆ ಬಂತು. ಎಡಕ್ಕೆ ತಿರುಗಿತು.
ಒಂದು. ಎರಡು. ಮೂರು.
'ಇಲ್ಲಿ ಮೆಟ್ಟಿಲು ಸವೆದಿತ್ತು,' ಅಂದಳು, 'ಎಡವುತ್ತಿದ್ದೆ.'

ನಾನು ಹೇಳಲಿಲ್ಲ:
ಒಂದೊಂದು ಪ್ರತಿ ತೆಗೆದಾಗಲೂ ತಾಮ್ರ ನವೆಯುತ್ತದೆ,
ಸಣ್ಣ ಗೆರೆ ಮೊದಲು.
ಕಲ್ಲುಕಂಬ ಇನ್ನೂ ನೂರು ಪ್ರತಿ ತಾಳೀತು.
ಅಂಗಿ ಈಗಾಗಲೇ ಒಂದೇ.

ಕೊಳ್ಳಲಿಲ್ಲ ಅವಳು. ಬೆಲೆ ಕೇಳಿ, ತಲೆಯಾಡಿಸಿ,
ಬಾಗಿಲ ಹೊರಗೆ ಯಾವ ಕಡೆ ಎಂದು
ಕ್ಷಣ ನಿಂತು, ಹೋದಳು.

ಸಂಜೆ ಮತ್ತೆ ಮಸಿ ತುಂಬಿದೆ.
ಅಂಗೈಯಲ್ಲಿ ಒರೆಸುತ್ತ ಒರೆಸುತ್ತ
ಆ ಮೂಲೆಗೆ ಬಂದಾಗ ಕೈ ತಡೆದೆ.
ಬೀದಿಯ ಮೇಲೆ ಕತ್ತಲಿಳಿದ ಹಾಗೆ ಬಂತು ಪ್ರತಿ,
ಯಾರೋ ಅಂಗಿ ತೆಗೆದು ಒಳಗೆ ಹೋದ ಹೊತ್ತು.
ಕೆಟ್ಟ ಅಚ್ಚು. ಪಕ್ಕಕ್ಕಿಟ್ಟಿದ್ದೇನೆ.
ಬೆಲೆ ಬರೆದಿಲ್ಲ.